ಸಾಕಿದ ಆಮೆಗೆ ಬಿಸುಪು ಮತ್ತು ತೇವ

ಭಾರತೀಯರ ಕಲ್ಪನೆಯಲ್ಲಿ ಆಮೆಗೆ ಹಿರಿದಾದ ಸ್ಥಾನವಿದೆ. ಸಮುದ್ರಮಥನದ ಕಾಲದಲ್ಲಿ ಮಂದರ ಪರ್ವತಕ್ಕೆ ತನ್ನ ಬೆನ್ನನ್ನು ಆಧಾರವಾಗಿ ಕೊಟ್ಟದ್ದು ಕೂರ್ಮ. ಇಂದ್ರಿಯಗಳನ್ನು ವಿಷಯಗಳಿಂದ ಹಿಂದೆಗೆದುಕೊಳ್ಳುವ ಸ್ಥಿತಪ್ರಜ್ಞನನ್ನು ವರ್ಣಿಸಲು ಭಗವದ್ಗೀತೆಯ ಎರಡನೆಯ ಅಧ್ಯಾಯವು ಆರಿಸಿಕೊಂಡ ಹೋಲಿಕೆಯೂ ಅಂಗಾಂಗಗಳನ್ನು ಒಳಗೆಳೆದುಕೊಳ್ಳುವ ಆಮೆಯದೇ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗರು ಅಲ್ಲಿನ ಎಷ್ಟೋ ದೇವಾಲಯಗಳಲ್ಲಿ ಗರ್ಭಗುಡಿಯ ಎದುರು ನೆಲದ ಮೇಲೆ ಕಲ್ಲಿನ ಆಮೆಯನ್ನು ಕಂಡೇ ಇರುತ್ತಾರೆ. ಚೆನ್ನೈಯ ಕನ್ನಡಿಗರಿಗಾದರೋ, ಆಮೆ ಹೊಕ್ಕ ಮನೆಯೂ ಅಮೀನ ಹೊಕ್ಕ ಮನೆಯೂ ಉದ್ಧಾರವಾಗದೆಂಬ ತಮಿಳು ಗಾದೆ ಪರಿಚಿತವಾದುದು. ಒಂದೆಡೆ ಶುಭ, ಇನ್ನೊಂದೆಡೆ ಅಶುಭ. ಹೀಗೆ ಶಕುನದ ಹೊರೆಯನ್ನು ಹೊತ್ತ ಈ ಪ್ರಾಣಿಗೂ ಹಸಿವು, ಚಳಿ, ಬಾಯಾರಿಕೆಗಳಿವೆ ಎಂಬುದು ಮಾತ್ರ ಎರಡೂ ಕಡೆ ಮರೆತುಹೋಗುತ್ತದೆ.

ಮಹಾನಗರಗಳ ಬಹುಮಹಡಿ ಕಟ್ಟಡಗಳಲ್ಲಿ ಆಮೆಯನ್ನು ಸಾಕುವ ಹವ್ಯಾಸ ಹಬ್ಬುತ್ತಿದೆ. ಆಮೆ ಬೊಗಳುವುದಿಲ್ಲ, ಕೂದಲು ಉದುರಿಸುವುದಿಲ್ಲ, ನಾಲ್ಕು ಎಲೆ ಹಾಕಿದರೆ ತೃಪ್ತಿಪಡುತ್ತದೆ. ನೆರೆಯವರಿಂದ ದೂರು ಬರುವ ಭಯವೂ ಇಲ್ಲ. ಮಕ್ಕಳ ಒತ್ತಾಯಕ್ಕೆ ಮಣಿದ ತಂದೆತಾಯಿಗಳು ಅಂಗೈಯಗಲದ ಮರಿಯೊಂದನ್ನು ಗಾಜಿನ ತೊಟ್ಟಿಯಲ್ಲಿಟ್ಟು ಕಿಟಕಿಯ ಪಕ್ಕ ಇರಿಸುತ್ತಾರೆ. ಮೊದಲ ಕೆಲವು ವಾರ ಎಲ್ಲವೂ ಸೊಗಸಾಗಿಯೇ ನಡೆಯುತ್ತದೆ. ಆಮೇಲೆ ಮರಿ ತಿನ್ನುವುದನ್ನು ಕಡಿಮೆ ಮಾಡುತ್ತದೆ, ಕಣ್ಣುಗಳು ಊದಿಕೊಳ್ಳುತ್ತವೆ, ಮೂಗಿನಿಂದ ನೊರೆ ಬರತೊಡಗುತ್ತದೆ, ಅಥವಾ ತಿನ್ನುತ್ತಲೇ ಬೆಳೆದರೂ ನುಣುಪಾಗಿರಬೇಕಾದ ಚಿಪ್ಪು ಗುಡ್ಡಗುಡ್ಡವಾಗಿ ಏಳತೊಡಗುತ್ತದೆ. ಆಹಾರ ಸರಿಯಿಲ್ಲವೆಂದು ಮನೆಯವರು ಸೊಪ್ಪನ್ನು ಬದಲಾಯಿಸಿ ನೋಡುತ್ತಾರೆ. ಅನೇಕ ವೇಳೆ ಕಾರಣವಿರುವುದು ತಟ್ಟೆಯಲ್ಲಲ್ಲ, ಗೂಡಿನ ಗಾಳಿಯಲ್ಲಿ. ಬಿಸುಪು ಮತ್ತು ತೇವ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳಿದ್ದಂತೆ. ಒಂದು ಹಿಂದೆಬಿದ್ದರೆ ಇನ್ನೊಂದರ ದುಡಿಮೆ ವ್ಯರ್ಥ. ಅಷ್ಟೇ ಅಲ್ಲ, ಅಪಾಯಕಾರಿಯೂ ಹೌದು.

ಯಾವ ಆಮೆಯ ಮಾತು?

ಮೊದಲು ಕಾನೂನಿನ ವಿಷಯ. ಭಾರತದಲ್ಲಿ ಅತಿ ಹೆಚ್ಚು ಜನರ ಕಣ್ಣು ಸೆಳೆಯುವುದು ನಕ್ಷತ್ರ ಆಮೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಕಿರಣಗಳಂತೆ ಹರಡಿರುವ ಈ ಚೆಲುವಾದ ಪ್ರಾಣಿ ಕರ್ನಾಟಕದ ಒಣ ಬಯಲುಗಳ ಮೂಲನಿವಾಸಿಯೂ ಹೌದು. ಆ ಚೆಲುವೇ ಅದಕ್ಕೆ ಮುಳುವಾಯಿತು. ಕಳ್ಳಸಾಗಣೆಯ ಹಾವಳಿ ವಿಪರೀತವಾದುದರಿಂದ 2019ರಲ್ಲಿ ಜಿನೀವಾದಲ್ಲಿ ಸೇರಿದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಸಮ್ಮೇಳನವು ಇದನ್ನು ಮೊದಲನೆಯ ಅನುಬಂಧಕ್ಕೆ ಏರಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯು ಇದನ್ನು ಹುಲಿ, ಆನೆಗಳಿರುವ ಮೊದಲನೆಯ ಪರಿಚ್ಛೇದದಲ್ಲೇ ಸೇರಿಸಿದೆ. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ಮರಳಿ ತಂದದ್ದು ಈ ಕಳ್ಳಸಾಗಣೆ ಎಲ್ಲಿಯವರೆಗೆ ಮುಟ್ಟಿದೆಯೆಂಬುದಕ್ಕೆ ನಿದರ್ಶನ. ಆದ್ದರಿಂದ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು ಅಪರಾಧ. ಅದನ್ನು ಕೊಟ್ಟವರು ಯಾರೇ ಇರಲಿ, ‘ವಾಸ್ತುವಿಗೆ ಒಳ್ಳೆಯದು’ ಎಂದವರು ಯಾರೇ ಇರಲಿ. ಈಗಾಗಲೇ ಇಟ್ಟುಕೊಂಡವರು ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸರಿಯಾದ ದಾರಿ. ಪುಣ್ಯಬರುವುದೆಂದು ಹತ್ತಿರದ ಉದ್ಯಾನದಲ್ಲೋ ದೇವಸ್ಥಾನದ ಕಲ್ಯಾಣಿಯಲ್ಲೋ ಬಿಡುವುದು ಸಲ್ಲದು. ಇದು ನೆಲದ ಆಮೆ, ಈಜಲು ಬಾರದು. ಕಲ್ಯಾಣಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ.

ಸಾಕಲು ಅವಕಾಶವಿರುವ ವಿದೇಶೀ ಆಮೆಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಆಫ್ರಿಕಾದ ಸಲ್ಕಾಟಾ. ತೊಡೆಯ ಹಿಂಭಾಗದಲ್ಲಿ ಮುಳ್ಳಿನಂಥ ಮೊನೆಗಳುಳ್ಳ, ಹುಲ್ಲಿನ ಒಣಬಣ್ಣದ ಆಮೆ ಇದು. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಇಂಥ ಪ್ರಾಣಿಗಳನ್ನು ಇಟ್ಟುಕೊಂಡವರು 2024ರಲ್ಲಿ ಹೊರಬಂದ ನಿಯಮಗಳ ಪ್ರಕಾರ ಅವನ್ನು ನೋಂದಾಯಿಸಬೇಕು. ಮರಿಯಾದರೂ ಸತ್ತರೂ ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಮುಂದಿನ ಮಾತುಗಳೆಲ್ಲ ಈ ಸಲ್ಕಾಟಾವನ್ನು, ಅದರಲ್ಲಿಯೂ ಅದರ ಎಳೆಯ ಮರಿಯನ್ನು ಕುರಿತವು.

ಹೊರಗಿನ ಶಾಖವೇ ಒಳಗಿನ ಅಗ್ನಿ

ಆಮೆಯನ್ನು ‘ಶೀತರಕ್ತದ ಪ್ರಾಣಿ’ ಎನ್ನುವುದು ವಾಡಿಕೆ. ಈ ಹೆಸರು ದಾರಿತಪ್ಪಿಸುವಂಥದು. ಅದರ ರಕ್ತ ತಣ್ಣಗಿರಬೇಕೆಂದು ಇದರರ್ಥವಲ್ಲ. ರಕ್ತವನ್ನು ಬೆಚ್ಚಗಿಡಲು ಬೇಕಾದ ಶಾಖವನ್ನು ಅದು ತನ್ನ ದೇಹದೊಳಗೆ ಸಾಕಷ್ಟು ಉತ್ಪಾದಿಸಿಕೊಳ್ಳಲಾರದು ಎಂದಷ್ಟೇ ಅರ್ಥ. ಮನುಷ್ಯನು ಉಂಡ ಅನ್ನದ ಬಹುಪಾಲು ಶಕ್ತಿ ದೇಹವನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಲು ವ್ಯಯವಾಗುತ್ತದೆ. ಆಮೆ ಆ ಖರ್ಚನ್ನು ಸೂರ್ಯನ ಲೆಕ್ಕಕ್ಕೆ ಬರೆದುಬಿಟ್ಟಿದೆ. ಬೆಳಗ್ಗೆ ಬಿಸಿಲಿಗೆ ಬಂದು ಮೈ ಕಾಯಿಸಿಕೊಳ್ಳುತ್ತದೆ, ಮೇಯುತ್ತದೆ, ಬಿಸಿಲೇರಿದರೆ ನೆರಳಿಗೆ ಸರಿಯುತ್ತದೆ. ಹೀಗೆ ಬಿಸಿಲು ನೆರಳುಗಳ ನಡುವೆ ಅಡ್ಡಾಡಿಯೇ ತನಗೆ ಬೇಕಾದ ಉಷ್ಣತೆಯನ್ನು ಕಾಯ್ದುಕೊಳ್ಳುತ್ತದೆ.

ಆಯುರ್ವೇದವು ಜೀರ್ಣಶಕ್ತಿಯನ್ನು ಜಠರಾಗ್ನಿ ಎಂದು ಕರೆಯಿತು. ಆಮೆಯ ಮಟ್ಟಿಗೆ ಈ ಅಗ್ನಿಯನ್ನು ಹೊರಗಿನಿಂದಲೇ ಹೊತ್ತಿಸಬೇಕು. ಸಲ್ಕಾಟಾದ ಮುಖ್ಯ ಆಹಾರ ಹುಲ್ಲು. ಹುಲ್ಲಿನ ನಾರು ಕರಗುವುದು ಕರುಳಿನಲ್ಲಿರುವ ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ. ಇಡ್ಲಿ ಹಿಟ್ಟು ಚಳಿಗಾಲದಲ್ಲಿ ಉಬ್ಬಲು ತಡಮಾಡುವುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಆಮೆಯ ಕರುಳಿನಲ್ಲಿ ನಡೆಯುವುದೂ ಅದೇ. ದೇಹ ತಣ್ಣಗಾದರೆ ಹುದುಗುವಿಕೆ ನಿಧಾನವಾಗಿ, ತಿಂದದ್ದು ಜೀರ್ಣವಾಗದೆ ಉಳಿಯುತ್ತದೆ. ರೋಗನಿರೋಧಕ ಶಕ್ತಿಯೂ ಕುಗ್ಗುತ್ತದೆ. ವೈದ್ಯರು ಕೊಟ್ಟ ಔಷಧವೂ ತಣ್ಣನೆಯ ದೇಹದಲ್ಲಿ ಸರಿಯಾಗಿ ಕೆಲಸಮಾಡದು. ಕಾಯಿಲೆ ಬಿದ್ದ ಆಮೆಯನ್ನು ಪಶುವೈದ್ಯರು ಮೊದಲು ಬೆಚ್ಚಗಿಡಿ ಎನ್ನುವುದು ಇದಕ್ಕಾಗಿಯೇ.

ಆದ್ದರಿಂದ ಗೂಡಿನಲ್ಲಿ ಎಲ್ಲೆಡೆ ಒಂದೇ ಉಷ್ಣತೆ ಇರಬಾರದು. ಒಂದು ತುದಿಯಲ್ಲಿ ದೀಪದ ಕೆಳಗೆ 35ರಿಂದ 38 ಡಿಗ್ರಿ, ಮಧ್ಯದಲ್ಲಿ 30ರ ಆಸುಪಾಸು, ಇನ್ನೊಂದು ತುದಿಯ ನೆರಳಿನಲ್ಲಿ 27 ಡಿಗ್ರಿ ಇರುವಂತೆ ಏರ್ಪಡಿಸಿದರೆ ಆಮೆ ತನ್ನ ಅಗತ್ಯವನ್ನು ತಾನೇ ಆರಿಸಿಕೊಳ್ಳುತ್ತದೆ. ತೇವವಾದ ಗೂಡಿನಲ್ಲಿ ಬೆಳೆಯುವ ಮರಿಗೆ ರಾತ್ರಿಯಲ್ಲೂ 26 ಡಿಗ್ರಿಗಿಂತ ಕೆಳಗೆ ಇಳಿಯಗೊಡಬಾರದು.

ಒಣನಾಡಿನ ಪ್ರಾಣಿಗೆ ತೇವವೇಕೆ?

ಇಲ್ಲಿಯೇ ದೊಡ್ಡ ತಪ್ಪು ತಿಳಿವಳಿಕೆ ನುಸುಳುವುದು. ಸಲ್ಕಾಟಾದ ತವರು ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿರುವ ಸಾಹೇಲ್ ಪ್ರದೇಶ. ಸೆನೆಗಲ್‌ನಿಂದ ಮಾಲಿ, ನೈಜರ್, ಚಾಡ್, ಸುಡಾನ್‌ಗಳನ್ನು ಹಾದು ಇಥಿಯೋಪಿಯಾದವರೆಗೆ ಹಬ್ಬಿದ ಒಣನಾಡು. ಮರುಭೂಮಿಯ ಪ್ರಾಣಿಯಾದ್ದರಿಂದ ಒಣ ಮರಳು, ಉರಿಯುವ ದೀಪ, ಎಂದೋ ಒಮ್ಮೆ ನೀರು ಇವಿಷ್ಟು ಸಾಕೆಂದು ಬಹುಕಾಲ ನಂಬಲಾಗಿತ್ತು. ಪಾಶ್ಚಾತ್ಯ ದೇಶಗಳ ಹಳೆಯ ಕೈಪಿಡಿಗಳೂ ಹಾಗೆಯೇ ಹೇಳುತ್ತಿದ್ದವು.

ಆದರೆ ಆಮೆ ಬದುಕುವುದು ಭೂಪಟದ ಮೇಲಲ್ಲ, ಬಿಲದೊಳಗೆ. ಸಲ್ಕಾಟಾ ಹಲವು ಮೀಟರ್ ಉದ್ದದ ಬಿಲವನ್ನು ತೋಡುವುದರಲ್ಲಿ ನಿಪುಣ. ಮೇಲೆ ನೆಲ ಕಾದ ಹೆಂಚಾಗಿರುವಾಗ ಬಿಲದ ಆಳದಲ್ಲಿ ಮಣ್ಣು ತಂಪಾಗಿ, ಹಸಿಯಾಗಿ ಇರುತ್ತದೆ. ಗಾಳಿ ತೇವದಿಂದ ತುಂಬಿರುತ್ತದೆ. ವರ್ಷದ ಒಣ ತಿಂಗಳುಗಳ ಬಹುಪಾಲನ್ನು ಆಮೆ ಅಲ್ಲಿಯೇ ಕಳೆಯುತ್ತದೆ. ಮರಿಗಳು ಮೇದು ಬೆಳೆಯುವ ಕಾಲವಂತೂ ಮಳೆಗಾಲ; ಹುಲ್ಲು ಚಿಗುರಿ ನೆಲದ ಬಳಿಯ ಗಾಳಿ ಆರ್ದ್ರವಾಗಿರುವ ಸಮಯ. ಗಾಜಿನ ತೊಟ್ಟಿಯಲ್ಲಿ ಮರುಭೂಮಿಯನ್ನು ನಿರ್ಮಿಸಿದವರು ಬಿಲವನ್ನು ನಿರ್ಮಿಸಲು ಮರೆತರು.

ಇದರ ಫಲ ಚಿಪ್ಪಿನ ಮೇಲೆ ಕಾಣುತ್ತದೆ. ಚಿಪ್ಪಿನ ಪ್ರತಿಯೊಂದು ಫಲಕದ ಅಂಚಿನಲ್ಲಿ ಹೊಸ ಪದರ ಬೆಳೆಯುತ್ತದೆ. ಗಾಳಿ ಒಣಗಿದ್ದರೆ ಆ ಎಳೆಯ ಪದರ ಬೇಗನೆ ಒಣಗಿ, ಅಡ್ಡಲಾಗಿ ಹರಡುವ ಬದಲು ಮೇಲಕ್ಕೆ ಒತ್ತಿಕೊಂಡು ಬೆಳೆಯುತ್ತದೆಂದು ವಿವರಿಸುತ್ತಾರೆ. ಫಲಕಗಳು ಒಂದೊಂದೂ ಪುಟ್ಟ ಗೋಪುರಗಳಾಗುತ್ತವೆ. ಇದಕ್ಕೆ ಸಸಾರಜನಕ ಹೆಚ್ಚಾದ ಆಹಾರವೇ ಕಾರಣವೆಂದು ಹಿಂದೆ ಭಾವಿಸಿದ್ದರು. ವಿಯೆನ್ನಾದ ವೀಸ್ನರ್ ಮತ್ತು ಈಬೆನ್ ಎಂಬ ಸಂಶೋಧಕರು 50 ಸಲ್ಕಾಟಾ ಮರಿಗಳನ್ನು ಬೇರೆ ಬೇರೆ ಆರ್ದ್ರತೆಯಲ್ಲಿ, ಬೇರೆ ಬೇರೆ ಪ್ರಮಾಣದ ಸಸಾರಜನಕದ ಆಹಾರದಲ್ಲಿ 5 ತಿಂಗಳು ಬೆಳೆಸಿ ಅಳೆದರು. 2003ರಲ್ಲಿ ಪ್ರಕಟವಾದ ಅವರ ಫಲಿತಾಂಶ ಹೇಳಿದ್ದು ಬೇರೆಯೇ: ಆಹಾರದ ಪ್ರಭಾವ ಅಲ್ಪ, ಗಾಳಿಯ ಶುಷ್ಕತೆಯ ಪ್ರಭಾವವೇ ಪ್ರಬಲ. ಒಮ್ಮೆ ಎದ್ದ ಗೋಪುರ ಮತ್ತೆ ಇಳಿಯದು. ಮುಂದಿನ ಬೆಳವಣಿಗೆಯನ್ನು ನುಣುಪಾಗಿಸಬಹುದೇ ಹೊರತು ಕಳೆದುದನ್ನು ತಿದ್ದಲಾಗದು. ನಕ್ಷತ್ರ ಆಮೆಯಲ್ಲಿ ಇಂಥ ಉಬ್ಬುಗಳು ಸ್ವಲ್ಪಮಟ್ಟಿಗೆ ಸಹಜ, ಸಲ್ಕಾಟಾದಲ್ಲಿ ಹಾಗಲ್ಲ.

ಒಳಗಿನ ಹಾನಿ ಇನ್ನೂ ಗಂಭೀರ. ನೆಲದ ಆಮೆ ನೀರನ್ನು ಜಿಪುಣನ ಹಣದಂತೆ ಉಳಿಸುತ್ತದೆ. ದೇಹದ ಕಲ್ಮಷವನ್ನು ಬಿಳಿಯ ಯೂರಿಕ್ ಆಮ್ಲದ ಲವಣಗಳ ರೂಪದಲ್ಲಿ ಹೊರಹಾಕುತ್ತದೆ. ನೀರು ಸಾಕಷ್ಟಿರುವ ಮರಿಯಲ್ಲಿ ಇದು ಹಲ್ಲುಜ್ಜುವ ಪೇಸ್ಟಿನಂತೆ ಮೆತ್ತಗಿರುತ್ತದೆ. ಮರಳಿನಂತೆ ತರಿತರಿಯಾಗಿದ್ದರೆ ಮರಿ ಬಾಯಾರಿದೆ ಎಂದೇ ತಿಳಿಯಬೇಕು. ಅಲಕ್ಷಿಸಿದರೆ ಅದು ಮೂತ್ರಕೋಶದಲ್ಲಿ ಕಲ್ಲಾಗಿ ಕೂರುತ್ತದೆ, ಮೂತ್ರಪಿಂಡಗಳು ಕೆಡುತ್ತವೆ.

ಮರಿಯ ಗೂಡಿನಲ್ಲಿ ಸಾಪೇಕ್ಷ ಆರ್ದ್ರತೆ ಶೇಕಡಾ 70ರಿಂದ 80ರವರೆಗೆ ಇರಬೇಕೆಂದು ಅನುಭವಿಗಳು ಹೇಳುವುದು ಈ ಕಾರಣಗಳಿಂದ.

ಕಾಯಿಸಿದರೆ ಒಣಗುವ ಗಾಳಿ

ಹಾಗಾದರೆ ಬಿಸಿಯನ್ನೂ ಕೊಟ್ಟು ತೇವವನ್ನೂ ಕೊಟ್ಟರಾಯಿತಲ್ಲ ಎನಿಸಬಹುದು. ತೊಡಕಿರುವುದು ಇಲ್ಲಿಯೇ. ಗಾಳಿಯನ್ನು ಕಾಯಿಸಿದಷ್ಟೂ ಅದರ ನೀರು ಹೀರುವ ಶಕ್ತಿ ಹೆಚ್ಚುತ್ತದೆ. 10 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಡಬಲ್ಲದ್ದು ಸುಮಾರು 9 ಗ್ರಾಂ ನೀರಾವಿ. 30 ಡಿಗ್ರಿಯಲ್ಲಿ ಅದೇ ಗಾಳಿ ಸುಮಾರು 30 ಗ್ರಾಂ ಹಿಡಿಯಬಲ್ಲದು. ಜನವರಿಯ ಮುಂಜಾನೆ ದೆಹಲಿಯ ಗಾಳಿ 10 ಡಿಗ್ರಿಯಲ್ಲಿದ್ದು ಅದರ ಆರ್ದ್ರತೆ ಶೇಕಡಾ 80 ಇದೆಯೆನ್ನೋಣ. ಕಿಟಕಿಯ ಹೊರಗೆ ಮಂಜು ಕವಿದಿದೆ. ತೇವಕ್ಕೇನೂ ಕೊರತೆಯಿಲ್ಲವೆಂದೇ ತೋರುತ್ತದೆ. ಅದೇ ಗಾಳಿಯನ್ನು ಹೀಟರಿನಿಂದ 30 ಡಿಗ್ರಿಗೆ ಕಾಯಿಸಿದರೆ ಒಂದು ಹನಿ ನೀರೂ ಹೊರಹೋಗದಿದ್ದರೂ ಆರ್ದ್ರತೆ ಶೇಕಡಾ 25ಕ್ಕಿಂತ ಕೆಳಗಿಳಿಯುತ್ತದೆ. ಹಸಿದ ಆ ಗಾಳಿ ಸಿಕ್ಕಿದೆಡೆಯಿಂದ ನೀರನ್ನು ಹೀರುತ್ತದೆ: ಮನುಷ್ಯರ ತುಟಿಯಿಂದ, ಮಗುವಿನ ಮೂಗಿನಿಂದ, ಆಮೆಯ ಚರ್ಮದಿಂದ. ಹೀಟರ್ ಹಚ್ಚಿ ಮಲಗಿದ ರಾತ್ರಿ ಗಂಟಲೊಣಗಿ ಎಚ್ಚರವಾಗುವುದಕ್ಕೂ ಆಮೆಯ ಚಿಪ್ಪು ಗೋಪುರವಾಗುವುದಕ್ಕೂ ಮೂಲ ಒಂದೇ.

ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಘೋರವಾದುದು. ತೇವ ಬೇಕೆಂದು ಕೇಳಿ, ಬಿಸಿಯ ಏರ್ಪಾಡಿಲ್ಲದೆ, ಗೂಡಿಗೆಲ್ಲ ನೀರು ಚಿಮುಕಿಸಿದರೆ ಗೂಡು ತಣ್ಣಗೆ ಒದ್ದೆಯಾಗುತ್ತದೆ. ತಣ್ಣನೆಯ ಒದ್ದೆ ಆಮೆಗೆ ವಿಷಸಮಾನ. ಶ್ವಾಸಕೋಶದ ಸೋಂಕು, ಚಿಪ್ಪಿನ ಕೊಳೆತ ಅದರ ಬೆನ್ನಹಿಂದೆಯೇ ಬರುತ್ತವೆ. ಆಮೆಗೆ ವಪೆಯಿಲ್ಲ, ಮನುಷ್ಯನಂತೆ ಬಲವಾಗಿ ಕೆಮ್ಮಿ ಕಫವನ್ನು ಹೊರಹಾಕಲು ಅದಕ್ಕೆ ಸಾಧ್ಯವಿಲ್ಲ. ಆದ್ದರಿಂದ ಕ್ರಮವನ್ನು ನೆನಪಿಡಬೇಕು: ಮೊದಲು ಬಿಸುಪು, ಆಮೇಲೆ ತೇವ. ಬಿಸುಪು ಕೈಕೊಟ್ಟ ದಿನ ತೇವವನ್ನೂ ಕಡಿಮೆ ಮಾಡಬೇಕು.

ಗೂಡನ್ನು ಕಟ್ಟುವ ಬಗೆ

ಮೇಲ್ಭಾಗ ತೆರೆದ ಗಾಜಿನ ತೊಟ್ಟಿಯಲ್ಲಿ ಬಿಸಿಗಾಳಿ ಮೇಲೇರಿ ಹೊರಟುಹೋಗುತ್ತದೆ, ತನ್ನೊಡನೆ ತೇವವನ್ನೂ ಒಯ್ಯುತ್ತದೆ. ಎಷ್ಟು ನೀರು ಚಿಮುಕಿಸಿದರೂ ಅದು ತೂತುಬಿದ್ದ ಕೊಡಕ್ಕೆ ನೀರು ಸುರಿದಂತೆ. ಆದ್ದರಿಂದ ಮುಚ್ಚಳವಿರುವ ಪೆಟ್ಟಿಗೆಯೇ ಒಳ್ಳೆಯದು. ಮರಿಗೆ ಕನಿಷ್ಠ 4 ಅಡಿ ಉದ್ದ, 2 ಅಡಿ ಅಗಲದ ಮರದ ಪೆಟ್ಟಿಗೆ ಬೇಕು. ಒಳಮೈಗೆ ನೀರು ಹೀರದ ಹೊದಿಕೆ, ಮುಂಭಾಗಕ್ಕೆ ಸರಿಸುವ ಗಾಜು, ಗಾಳಿಯಾಡಲು ಬದಿಗಳಲ್ಲಿ ಕೆಲವೇ ರಂಧ್ರಗಳಿದ್ದರೆ ಸಾಕು. ಗಾಜಿನ ಭಾಗವನ್ನೂ ಕೆಳಗಿನ ಕೆಲವು ಅಂಗುಲದವರೆಗೆ ಕಾಗದ ಅಂಟಿಸಿ ಮರೆಮಾಡಬೇಕು. ಗಾಜೆಂಬುದು ಆಮೆಗೆ ತಿಳಿಯದು, ದಿನವಿಡೀ ಅದಕ್ಕೆ ಮೈಯೊಡ್ಡಿ ತಳ್ಳುತ್ತಿರುತ್ತದೆ.

ನೆಲಕ್ಕೆ ತೆಂಗಿನ ನಾರಿನ ಪುಡಿ, ಅಂದರೆ ಗಿಡದ ಅಂಗಡಿಗಳಲ್ಲಿ ಕೋಕೋಪೀಟ್ ಎಂದು ಮಾರುವ ಇಟ್ಟಿಗೆ, ಅತ್ಯುತ್ತಮ. ಅದನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಗೊಬ್ಬರ ಬೆರೆಸದ ತೋಟದ ಮಣ್ಣಿನೊಡನೆ ಕಲಸಿ 3ರಿಂದ 4 ಅಂಗುಲ ದಪ್ಪಕ್ಕೆ ಹರಡಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಮೇಲಿನಿಂದ ಚಿಮುಕಿಸುವುದಕ್ಕಿಂತ ಮೂಲೆಗಳಲ್ಲಿ ನೀರು ಹುಯ್ದು ತಳವನ್ನು ತೇವವಾಗಿಟ್ಟರೆ ಮೇಲ್ಪದರ ಒಣಗಿರುತ್ತದೆ, ಆಮೆಯ ಹೊಟ್ಟೆಯ ಚಿಪ್ಪು ಕೊಳೆಯುವುದಿಲ್ಲ, ಕೆಳಗಿನಿಂದ ಆವಿ ಏರುತ್ತಲೂ ಇರುತ್ತದೆ. ಒಣ ಮರಳನ್ನು ಹಾಕಲೇಬಾರದು. ಸೊಪ್ಪಿನೊಡನೆ ಹೊಟ್ಟೆ ಸೇರಿ ಕರುಳನ್ನು ಕಟ್ಟಿಬಿಡುತ್ತದೆ. ತಂಪಾದ ತುದಿಯಲ್ಲಿ ಮಣ್ಣಿನ ಹೂಕುಂಡವೊಂದನ್ನು ಅಡ್ಡಲಾಗಿ ಅರ್ಧ ಹೂತು, ಒಳಗೆ ಒದ್ದೆ ನಾರನ್ನು ತುಂಬಿದರೆ ಅದೇ ಸಾಹೇಲಿನ ಬಿಲ. ಮರಿ ರಾತ್ರಿಯಿಡೀ ಅಲ್ಲಿಯೇ ಮಲಗುತ್ತದೆ.

ಶಾಖ ಬರಬೇಕಾದದ್ದು ಮೇಲಿನಿಂದ. ಸೂರ್ಯನು ಮೇಲಿನಿಂದಲೇ ಸುಡುತ್ತಾನೆಂಬುದು ಆಮೆಯ ರಕ್ತಗತವಾದ ಅರಿವು. ಹೊಟ್ಟೆಯ ಕೆಳಗೆ ಕಾಯುವ ಕಲ್ಲು, ಕಾಯುವ ಹಾಸುಗಳಿಂದ ಸರಿದುಕೊಳ್ಳದೆ ಸುಟ್ಟುಕೊಂಡುಬಿಡುತ್ತದೆ. ಹಗಲಿಗೆ ಒಂದು ತುದಿಯಲ್ಲಿ ಬಿಸಿಯ ದೀಪ. ರಾತ್ರಿಗೆ ಬೆಳಕು ಬೀರದೆ ಶಾಖ ಮಾತ್ರ ಕೊಡುವ ಪಿಂಗಾಣಿಯ ತಾಪಕ. ಎರಡಕ್ಕೂ ಪಿಂಗಾಣಿಯ ಹೋಲ್ಡರೇ ಆಗಬೇಕು. ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತಬಹುದು. ತಾಪಕವನ್ನು ಥರ್ಮೋಸ್ಟಾಟಿಗೆ ಜೋಡಿಸದೆ ಬಿಡಕೂಡದು. ನೀರು ವಿದ್ಯುತ್ತುಗಳೆರಡೂ ಇರುವ ಪೆಟ್ಟಿಗೆಯಾದ್ದರಿಂದ ತಂತಿಗಳ ಕೆಲಸವನ್ನು ಬಲ್ಲವರಿಂದಲೇ ಮಾಡಿಸಬೇಕು.

ಇದರ ಜೊತೆಗೆ ನೇರಳಾತೀತ ‘ಬಿ’ ಕಿರಣಗಳು ಬೇಕು. ಇವು ಚರ್ಮದ ಮೇಲೆ ಬಿದ್ದಾಗಲೇ ಆಮೆಯ ದೇಹದಲ್ಲಿ ‘ಡಿ3’ ಜೀವಸತ್ವ ತಯಾರಾಗುವುದು. ಅದಿಲ್ಲದೆ ತಿಂದ ಸುಣ್ಣಾಂಶ ಮೂಳೆ ಚಿಪ್ಪುಗಳಿಗೆ ಸೇರದು. ಕಿಟಕಿಯ ಗಾಜು ಬೆಳಕನ್ನೂ ಬಿಸಿಯನ್ನೂ ಬಿಟ್ಟು ಈ ಕಿರಣಗಳನ್ನು ತಡೆಯುತ್ತದೆ. ಹೀಗಾಗಿ ಗಾಜಿನ ಹಿಂದಿನ ಬಿಸಿಲು ಆಮೆಗೆ ಅರೆಹೊಟ್ಟೆಯ ಊಟ. ಮೇಲಾಗಿ, ಗಾಜಿನ ತೊಟ್ಟಿಗೆ ನೇರ ಬಿಸಿಲು ಬಿದ್ದರೆ ಅದು ಕೆಲವೇ ನಿಮಿಷಗಳಲ್ಲಿ ಒಲೆಯಾಗಿ ಮರಿ ಸಾಯಬಹುದು. ನಿಜವಾದ ಬಿಸಿಲು ಸಿಗದ ಮನೆಗಳಲ್ಲಿ ಈ ಕಿರಣಗಳನ್ನು ಬೀರುವ ವಿಶೇಷ ಕೊಳವೆದೀಪವನ್ನು ಹಾಕಬೇಕು. ಅದು ಉರಿಯುತ್ತಿದ್ದರೂ ಕಿರಣಶಕ್ತಿ ಕ್ರಮೇಣ ಕುಂದುವುದರಿಂದ ತಯಾರಕರು ಹೇಳಿದ ಅವಧಿಗೆ ಬದಲಾಯಿಸಬೇಕು.

ಮಾಪಕಗಳಿಲ್ಲದೆ ಈ ಯಾವುದೂ ನಿಲ್ಲದು. ಗೂಡಿನ ಗೋಡೆಯ ಮೇಲೆ ಎತ್ತರದಲ್ಲಿ ತೂಗುಹಾಕಿದ ಮಾಪಕ ಗೋಡೆಯ ಕಥೆಯನ್ನಷ್ಟೇ ಹೇಳುತ್ತದೆ. ಆಮೆಯ ಬೆನ್ನಿನ ಎತ್ತರದಲ್ಲಿ, ಎರಡೂ ತುದಿಗಳಲ್ಲಿ ಒಂದೊಂದು ಉಷ್ಣತಾಮಾಪಕ, ನಡುವೆ ಒಂದು ಆರ್ದ್ರತಾಮಾಪಕ ಇರಲಿ. ಬೆಳಗಿನ ಜಾವದ ಅಂಕಿಯನ್ನು ಬರೆದಿಡಬೇಕು. ಚಳಿ ಹೆಚ್ಚಿ ಅಪಾಯ ಹತ್ತಿರವಾಗುವುದು ಆ ಹೊತ್ತಿನಲ್ಲಿಯೇ.

ಮರಿಯನ್ನು ದಿನಕ್ಕೊಮ್ಮೆ 15ರಿಂದ 20 ನಿಮಿಷ ಉಗುರುಬೆಚ್ಚನೆಯ ನೀರಿನಲ್ಲಿ, ಗಲ್ಲ ಮುಳುಗದಷ್ಟು ಆಳದಲ್ಲಿ, ನಿಲ್ಲಿಸುವುದು ಹಿತಕರ. ಆಹಾರದಲ್ಲಿ ಗರಿಕೆಯೇ ಮೊದಲಾದ ಹುಲ್ಲುಗಳು, ದಾಸವಾಳದ ಎಲೆ ಮತ್ತು ಹೂ, ಹಿಪ್ಪುನೇರಳೆಯ ಎಲೆ, ಮುಳ್ಳು ತೆಗೆದ ಪಾಪಾಸುಕಳ್ಳಿ ಸೂಕ್ತ. ಅನ್ನ, ಚಪಾತಿ, ಹಾಲು, ಸಿಹಿ ಹಣ್ಣುಗಳು ಪ್ರೀತಿಯ ಹೆಸರಿನಲ್ಲಿ ಕೊಡುವ ರೋಗಗಳು.

ಊರಿಗೊಂದು ಉಪಾಯ

ಒಂದೇ ಸೂತ್ರ ಎಲ್ಲ ಊರಿಗೂ ಹೊಂದದು. ದೆಹಲಿಯಲ್ಲಿ ಜನವರಿಯ ಕೆಲವು ರಾತ್ರಿಗಳು 5 ಡಿಗ್ರಿಗಿಂತಲೂ ತಣ್ಣಗಾಗುತ್ತವೆ. ಮೇ ಜೂನ್‌ಗಳಲ್ಲಿ ‘ಲೂ’ ಎಂಬ ಒಣ ಬಿಸಿಗಾಳಿ ಬೀಸುತ್ತದೆ. ಎರಡೂ ಕಾಲಗಳಲ್ಲಿ ಗಾಳಿಯ ನೀರಡಿಕೆ ಒಂದೇ. ಮುಚ್ಚಿದ ಪೆಟ್ಟಿಗೆಯಿಲ್ಲದೆ ಅಲ್ಲಿ ಮರಿಯನ್ನು ಬೆಳೆಸುವುದು ಕಷ್ಟಸಾಧ್ಯ. ಚಳಿಗೆ ಕೋಣೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಡುವುದಂತೂ ಬೇಡವೇ ಬೇಡ. ಅದರ ಇಂಗಾಲದ ಮಾನಾಕ್ಸೈಡ್ ಆಮೆಯನ್ನಷ್ಟೇ ಅಲ್ಲ, ಮಲಗಿದ ಮನುಷ್ಯರನ್ನೂ ಕೊಲ್ಲುತ್ತದೆ. ಪುಣೆಯಲ್ಲಿ ಹಗಲು ಬೆಚ್ಚಗಿದ್ದು ಚಳಿಗಾಲದ ರಾತ್ರಿ 10 ಡಿಗ್ರಿಯ ಸನಿಹಕ್ಕೆ ಇಳಿಯುವುದರಿಂದ ಮಧ್ಯಾಹ್ನದ ಅಂಕಿಯನ್ನು ನೋಡಿ ಮೋಸಹೋಗುವವರೇ ಹೆಚ್ಚು. ಹೈದರಾಬಾದಿನಲ್ಲಿ ಕಷ್ಟ ಬೇಸಗೆಯ ಶುಷ್ಕತೆಯದು. ಅಲ್ಲಿ ಬಿಸಿ ಸಾಕಷ್ಟಿದೆ, ತೇವವನ್ನು ಕೊಡಬೇಕು. ಮುಂಬಯಿ, ಚೆನ್ನೈಗಳಲ್ಲಿ ಸಮುದ್ರವೇ ತೇವವನ್ನು ಪುಕ್ಕಟೆಯಾಗಿ ಒದಗಿಸುತ್ತದೆ. ಆದರೆ ಹವಾನಿಯಂತ್ರಿತ ಕೋಣೆಯಲ್ಲಿಟ್ಟರೆ ಆ ಲಾಭ ಕೈತಪ್ಪುತ್ತದೆ, ಏಕೆಂದರೆ ಆ ಯಂತ್ರ ಗಾಳಿಯನ್ನು ತಣಿಸುವುದರ ಜೊತೆಗೆ ಅದರ ನೀರನ್ನೂ ಹಿಂಡಿ ಹೊರಗೆ ತೊಟ್ಟಿಕ್ಕಿಸುತ್ತದೆ. ಅಲ್ಲಿನ ಕಿರಿದಾದ ಮನೆಗಳಲ್ಲಿ ಇನ್ನೊಂದು ಕೊರತೆಯೆಂದರೆ ಬಿಸಿಲಿನದು.

ವಿದ್ಯುತ್ತು ಕೈಕೊಟ್ಟ ರಾತ್ರಿಗೆ ಮೊದಲೇ ಸಿದ್ಧತೆ ಬೇಕು. ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನ ಬದಿಯಲ್ಲಿಟ್ಟು, ಗಾಳಿಯ ರಂಧ್ರಗಳನ್ನು ಬಿಟ್ಟು ಮೇಲೆ ಕಂಬಳಿ ಹೊದಿಸಿದರೆ ಕೆಲವು ಗಂಟೆ ಕಳೆಯಬಹುದು.

ಚಳಿನಿದ್ರೆಯೆಂಬ ಭ್ರಮೆ

ಡಿಸೆಂಬರಿನಲ್ಲಿ ಆಮೆ ಮೂಲೆ ಸೇರಿ ಅಲುಗದೆ ಬಿದ್ದಿದ್ದರೆ ‘ಚಳಿನಿದ್ರೆಯಲ್ಲಿದೆ, ಎಬ್ಬಿಸಬಾರದು’ ಎನ್ನುವವರುಂಟು. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 18ನೆಯ ಶತಮಾನದಲ್ಲಿ ಟಿಮೋತಿಯೆಂಬ ಆಮೆಯನ್ನು ಸಾಕಿ, ಅದು ನವೆಂಬರಿನಲ್ಲಿ ಮಣ್ಣು ತೋಡಿ ಹುದುಗಿಕೊಂಡು ವಸಂತದಲ್ಲಿ ಮೇಲೇಳುವುದನ್ನು ವರ್ಷವರ್ಷವೂ ಬರೆದಿಟ್ಟನು. ಅವನ ಆಮೆ ಮೆಡಿಟರೇನಿಯನ್ ಸೀಮೆಯದು. ಹಿಮಗಾಲವನ್ನು ನಿದ್ರೆಯಲ್ಲಿ ಕಳೆಯುವ ವಿದ್ಯೆ ಅದರ ಕುಲಕ್ಕೆ ಒಲಿದುಬಂದದ್ದು. ಸಲ್ಕಾಟಾಗೆ ಆ ವಿದ್ಯೆ ಇಲ್ಲ. ಅದು ಚಳಿಯಲ್ಲಿ ಅಲುಗದಿರುವುದು ನಿದ್ರೆಯಲ್ಲ, ನಿಶ್ಶಕ್ತಿ. ಹೊಟ್ಟೆಯಲ್ಲಿ ಕರಗದ ಹುಲ್ಲು, ಶ್ವಾಸಕೋಶದಲ್ಲಿ ಕಫ ಹೊತ್ತು ಅದು ಸಾವಿನ ಕಡೆಗೆ ಜಾರುತ್ತಿರುತ್ತದೆ. ಮೂಗಿನ ನೊರೆ, ಬಾಯಿ ತೆರೆದು ಕತ್ತು ಚಾಚಿ ಉಸಿರಾಡುವುದು, ಊದಿದ ಕಣ್ಣು, ಒತ್ತಿದರೆ ಮಣಿಯುವ ಚಿಪ್ಪು, ವಾರದಿಂದ ವಾರಕ್ಕೆ ಇಳಿಯುವ ತೂಕ ಇವುಗಳಲ್ಲಿ ಯಾವುದೊಂದು ಕಂಡರೂ ಬೆಚ್ಚಗಿಟ್ಟು, ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿಗೆ ಕೂಡಲೇ ಒಯ್ಯಬೇಕು.

ಮನೆಯವರ ಆರೋಗ್ಯ

ಬೆಚ್ಚಗೆ ತೇವವಾಗಿರುವ ಜಾಗ ಆಮೆಗಷ್ಟೇ ಅಲ್ಲ, ಸೂಕ್ಷ್ಮಜೀವಿಗಳಿಗೂ ಪ್ರಿಯ. ಆರೋಗ್ಯವಾಗಿರುವ ಆಮೆಯ ಕರುಳಿನಲ್ಲಿಯೂ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಅದು ಆಮೆಗೆ ತೊಂದರೆ ಕೊಡದೆ, ಮನುಷ್ಯರಲ್ಲಿ ಭೇದಿ, ವಾಂತಿ, ಜ್ವರ ತರುತ್ತದೆ. ಎಳೆಯ ಮಕ್ಕಳು, ವೃದ್ಧರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಅಪಾಯ ಹೆಚ್ಚು. ಮಕ್ಕಳಲ್ಲಿ ಈ ಸೋಂಕು ಹರಡಿದ್ದರಿಂದಲೇ ಅಮೆರಿಕವು 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿತು. ಆಮೆಯನ್ನಾಗಲಿ ಗೂಡನ್ನಾಗಲಿ ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯಬೇಕು. ಗೂಡಿನ ನೀರಿನ ತಟ್ಟೆಯನ್ನು ಅಡಿಗೆಮನೆಯ ತೊಟ್ಟಿಯಲ್ಲಿ ತೊಳೆಯಬಾರದು. ಸ್ನಾನಕ್ಕೆ ಪ್ರತ್ಯೇಕ ಬೋಗುಣಿ ಇರಬೇಕು. ಮಕ್ಕಳು ಅದಕ್ಕೆ ಮುತ್ತಿಡದಂತೆ ನೋಡಿಕೊಳ್ಳಬೇಕು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಆಮೆಯನ್ನು ತರದಿರುವುದೇ ಲೇಸು. ಮಲವನ್ನು ದಿನವೂ ತೆಗೆದು, ಬೂಷ್ಟು ಹಿಡಿದ ನೆಲಹಾಸನ್ನು ಆಗಲೇ ಬದಲಾಯಿಸುವುದು ಆಮೆಗೂ ಮನೆಯವರಿಗೂ ಕ್ಷೇಮ.

ತರುವ ಮುನ್ನ

ಇಂದು ಅಂಗೈಯಲ್ಲಿ ಕೂರುವ ಸಲ್ಕಾಟಾ ಮರಿ ಬೆಳೆದು 40, 50 ಕಿಲೋ ತೂಗುವ ಪ್ರಾಣಿಯಾಗುತ್ತದೆ. ಭೂಖಂಡಗಳ ಒಳನಾಡಿನಲ್ಲಿ ಬದುಕುವ ಆಮೆಗಳಲ್ಲಿ ಇದೇ ಅತಿ ದೊಡ್ಡದು. ಇದಕ್ಕಿಂತ ದೊಡ್ಡವು ಗಲಪಗೋಸ್, ಅಲ್ದಾಬ್ರ ದ್ವೀಪಗಳ ಆಮೆಗಳು ಮಾತ್ರ. ಅದರ ಆಯುಷ್ಯ 50 ವರ್ಷಕ್ಕೂ ಮಿಗಿಲು. 40 ವರ್ಷದ ಗೃಹಸ್ಥನು ಇಂದು ತಂದ ಮರಿ ಅವನ ಮೊಮ್ಮಕ್ಕಳ ಪಾಲಿಗೆ ಬರುತ್ತದೆ. ಆ ಹೊತ್ತಿಗೆ ಅದಕ್ಕೆ ಬೇಕಾದುದು 4 ಅಡಿಯ ಪೆಟ್ಟಿಗೆಯಲ್ಲ. ಅಂಗಳ, ಹುಲ್ಲು, ತೋಡಲು ನೆಲ, ಚಳಿಗೆ ಬೆಚ್ಚನೆಯ ಕೊಟ್ಟಿಗೆ. ಎರಡು ಕೋಣೆಯ ಮನೆಯಲ್ಲಿ, ವರ್ಗಾವಣೆಯ ನೌಕರಿಯಲ್ಲಿ ಇದು ಸಾಧ್ಯವೇ ಎಂಬ ಪ್ರಶ್ನೆಯನ್ನು ಮರಿಯನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು. ಸಾಧ್ಯವಿಲ್ಲವೆಂದು ಕಂಡರೆ ತರದಿರುವುದೇ ಆಮೆಯ ಮೇಲಿನ ನಿಜವಾದ ಪ್ರೀತಿ.

ಈಗಾಗಲೇ ತಂದವರಿಗೆ ಮಾತ್ರ ಆ ಆಯ್ಕೆ ಉಳಿದಿಲ್ಲ, ಹೊಣೆ ಉಳಿದಿದೆ. ಅಂಥವರು ಮೊದಲು ಕೊಳ್ಳಬೇಕಾದದ್ದು ಹೊಸ ಬಗೆಯ ಆಹಾರವನ್ನಲ್ಲ, ಎರಡು ಉಷ್ಣತಾಮಾಪಕಗಳನ್ನೂ ಒಂದು ಆರ್ದ್ರತಾಮಾಪಕವನ್ನೂ. ಮರುದಿನದ ಬೆಳಗಿನ ಜಾವ ಅವು ತೋರಿಸುವ ಅಂಕಿಗಳೇ ಮುಂದೆ ಮಾಡಬೇಕಾದುದನ್ನು ಹೇಳುತ್ತವೆ. ಆಮೆಗೆ ದನಿಯಿಲ್ಲ, ಚಳಿಯಾಯಿತೆಂದು ಅಳುವುದಿಲ್ಲ, ಬಾಯಾರಿತೆಂದು ಕರೆಯುವುದಿಲ್ಲ. ಅದು ದೂರು ಹೇಳುವುದು ಚಿಪ್ಪಿನ ಮೂಲಕ, ಅದೂ ತಿಂಗಳುಗಳು ಕಳೆದ ಮೇಲೆ. ಮಾಪಕವಾದರೋ ಅದೇ ಮಾತನ್ನು ಆ ದಿನವೇ ಹೇಳಿಬಿಡುತ್ತದೆ.